ಪದ ಪರಿಚಯ: ಗಡ್ಡೆಯೊಳಗಿನ ಲಿಂಫೋಸೈಟ್

ಸಕಲೇಶಪುರ, ಬೇಲೂರು ಕಡೆಯಿಂದ ಹಾಸನಕ್ಕೆ ಬಂದು ಎಂಡೋಸ್ಕೋಪಿ ಮಾಡಿಸಿಕೊಂಡವರ ಬಯಾಪ್ಸಿ ವರದಿಯಲ್ಲಿ ಜಠರದ ಕ್ಯಾನ್ಸರ್ ಎಂದು ಬರೆದ ಮೇಲೆ, ಗಡ್ಡೆಯೊಳಗೆ ಲಿಂಫೋಸೈಟ್‌ಗಳು ದಟ್ಟವಾಗಿ ಸೇರಿವೆ ಎಂಬರ್ಥದ ಸಾಲೊಂದು ಕೆಲವೊಮ್ಮೆ ಇರುತ್ತದೆ. ರೋಗ ಇನ್ನಷ್ಟು ಹರಡಿದೆಯೆಂದು ಮನೆಯವರು ಹೆದರುವುದುಂಟು. ಆ ಸಾಲಿನ ಅರ್ಥ ಅದಲ್ಲ. ಲಿಂಫೋಸೈಟ್ ಬಿಳಿ ರಕ್ತಕಣಗಳಲ್ಲಿ ಒಂದು ಬಗೆ. ರಕ್ತನಾಳದಿಂದ ಹೊರಬಂದು ಕ್ಯಾನ್ಸರ್ ಕೋಶಗಳ ನಡುವೆ ನೆಲೆನಿಂತ ಇಂಥ ಕಣಗಳನ್ನೇ ‘ಗಡ್ಡೆಯೊಳಗಿನ ಲಿಂಫೋಸೈಟ್’ ಎಂದು ಕರೆಯುತ್ತಾರೆ.

ಇವುಗಳಲ್ಲಿ ಸಿಡಿ8 ಎಂಬ ಗುರುತುಳ್ಳ ಟಿ ಕೋಶಗಳು ಕ್ಯಾನ್ಸರ್ ಕೋಶವನ್ನು ನೇರವಾಗಿ ಕೊಲ್ಲಬಲ್ಲವು. ಇವು ಹೆಚ್ಚಿರುವ ರೋಗಿಗಳು ಒಟ್ಟಾರೆಯಾಗಿ ಹೆಚ್ಚು ಕಾಲ ಬದುಕುವುದು ಕಂಡುಬಂದಿದೆ. ಜಠರದ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ ಸುಮಾರು 9ರಷ್ಟು ಎಪ್‌ಸ್ಟೈನ್-ಬಾರ್ ವೈರಸ್ಸಿನ ನಂಟುಳ್ಳವು; ಅಂಥ ಗಡ್ಡೆ ಲಿಂಫೋಸೈಟ್‌ಗಳಿಂದ ಕಿಕ್ಕಿರಿದಿರುತ್ತದೆ, ರೋಗದ ಮುನ್ನೋಟವೂ ಉಳಿದವುಗಳಿಗಿಂತ ತುಸು ಮೇಲು.

ಆದರೆ ಕಾವಲುಗಾರರು ತೋಟದೊಳಗೆ ಇದ್ದ ಮಾತ್ರಕ್ಕೆ ಕಾಫಿ ಕಳವಾಗುವುದಿಲ್ಲವೆಂದು ಹೇಳಲಾಗದು. ಕ್ಯಾನ್ಸರ್ ಕೋಶಗಳು ತಮ್ಮ ಮೈಮೇಲೆ ಪಿಡಿ-ಎಲ್1 ಎಂಬ ಪ್ರೋಟೀನನ್ನು ತೋರಿಸಿ, ಟಿ ಕೋಶದ ಪಿಡಿ-1 ಎಂಬ ತಡೆಯನ್ನು ಒತ್ತಿ, ಅದನ್ನು ಸುಮ್ಮನಾಗಿಸುತ್ತವೆ. ಪಿಡಿ-1 ಅನ್ನು 1992ರಲ್ಲಿ ಗುರುತಿಸಿದ ಜಪಾನಿನ ತಸುಕು ಹೊಂಜೊ 2018ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಆ ತಡೆಯನ್ನು ಬಿಡಿಸುವ ನಿವೊಲುಮ್ಯಾಬ್ ಎಂಬ ಔಷಧ ಈಗ ಜಠರದ ಕ್ಯಾನ್ಸರಿನ ಚಿಕಿತ್ಸೆಯಲ್ಲಿಯೂ ಇದೆ. ಮ್ಯಾಕ್ರೋಫೇಜ್‌ಗಳದ್ದು ಇನ್ನೂ ವಿಚಿತ್ರ: ರೋಗಾಣುಗಳನ್ನು ನುಂಗಬೇಕಾದ ಈ ಕೋಶಗಳು ಗಡ್ಡೆಯ ಸಹವಾಸದಲ್ಲಿ ಸ್ವಭಾವ ಬದಲಿಸಿ, ಅದಕ್ಕೆ ಹೊಸ ರಕ್ತನಾಳಗಳನ್ನು ಬೆಳೆಸಿಕೊಟ್ಟು, ಟಿ ಕೋಶಗಳನ್ನು ಹತ್ತಿಕ್ಕುತ್ತವೆ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ.

ರೋಗದ ಬೇರಿನಲ್ಲಿಯೂ ರಕ್ಷಣಾ ಕೋಶಗಳ ಪಾಲಿದೆ. ಹೆಲಿಕೋಬ್ಯಾಕ್ಟರ್ ಪೈಲೋರಿ ಬ್ಯಾಕ್ಟೀರಿಯಾದ ಸೋಂಕು ದಶಕಗಳ ಕಾಲ ಉಳಿದಾಗ, ಅದನ್ನು ಅಟ್ಟಲು ಬಂದ ಕೋಶಗಳ ಉರಿಯೂತವೇ ಜಠರದ ಒಳಪದರವನ್ನು ಸವೆಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1994ರಲ್ಲಿಯೇ ಈ ಸೋಂಕನ್ನು ಕ್ಯಾನ್ಸರ್‌ಕಾರಕವೆಂದು ಸಾರಿತು.

ಇದಕ್ಕೆ ಹೊಂದಿಕೊಂಡ ಅಗ್ಗದ ಲೆಕ್ಕವೊಂದಿದೆ. ಯಾವುದೇ ತಾಲ್ಲೂಕಿನ ಲ್ಯಾಬಿನಲ್ಲಿ ಮಾಡುವ ರಕ್ತಪರೀಕ್ಷೆಯಲ್ಲಿ ನೂರು ಬಿಳಿ ರಕ್ತಕಣಗಳ ಪೈಕಿ ನ್ಯೂಟ್ರೋಫಿಲ್ ಎಂಬ ಇನ್ನೊಂದು ಬಗೆಯವು 72, ಲಿಂಫೋಸೈಟ್ 18 ಎಂದಿದ್ದರೆ ಅವುಗಳ ಅನುಪಾತ 4. ಜಠರದ ಕ್ಯಾನ್ಸರ್ ಇರುವವರಲ್ಲಿ ಈ ಅನುಪಾತ ಏರಿರುವುದು ಒಳ್ಳೆಯ ಲಕ್ಷಣವಲ್ಲ. ಆದರೆ ಕೀವಾದ ಗಾಯ, ನ್ಯುಮೋನಿಯಾ, ಸ್ಟೀರಾಯ್ಡ್ ಮಾತ್ರೆ ಇವುಗಳಿಂದಲೂ ಅದು ಏರುವುದರಿಂದ, ವೈದ್ಯರು ರೋಗದ ಹಂತವನ್ನು ಬದಿಗಿಟ್ಟು ಅದೊಂದನ್ನೇ ನೋಡಿ ಏನನ್ನೂ ಹೇಳುವುದಿಲ್ಲ.