ಲಾಕ್ ಆಂಕರ್ ಹಾಕಿದರೂ ಫೋಟೋ ಓಡುವುದು ಏಕೆ?

ಪ್ರಶ್ನೆ: ವರ್ಡ್‌ನಲ್ಲಿ ಫೋಟೋ, ಟೆಕ್ಸ್ಟ್ ಬಾಕ್ಸ್ ಎಲ್ಲ ಚಂದ ಮಾಡಿ ಕೂರಿಸಿರುತ್ತೇನೆ. ಮೇಲೆ ಎಲ್ಲೋ ನಾಲ್ಕು ಸಾಲು ಸೇರಿಸಿದರೆ ಸಾಕು, ಎಲ್ಲ ಚೆಲ್ಲಾಪಿಲ್ಲಿ. 'ಲಾಕ್ ಆಂಕರ್' ಹಾಕಿಯೂ ನೋಡಿದೆ. ಫೋಟೋ ಅಲುಗಾಡದ ಹಾಗೆ ಮಾಡುವುದು ಹೇಗೆ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಹೇಳಿದ್ದೇನೋ ಲೆಕ್ಕ ಇಲ್ಲ. ದೀಪಾವಳಿ ಕಳೆದು ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟವು ಎಂದರೆ ಶುರು, ತಿರುಗಾಟ ಮುಗಿಯುವ ಪತ್ತನಾಜೆ ಬರುವವರೆಗೂ ಬಿಡುವಿಲ್ಲ. ಸೇವೆಯಾಟದ ಕಾಗದ, ನೇಮದ ಕಾಗದ, ಬ್ರಹ್ಮಕಲಶದ ಆಮಂತ್ರಣ, ಶಾಲೆಯ ಸ್ಮರಣ ಸಂಚಿಕೆ. ಉಡುಪಿಯ ನನ್ನ ಡಿಟಿಪಿ ಅಂಗಡಿಗೆ ಪೆನ್ ಡ್ರೈವ್ ಹಿಡಿದುಕೊಂಡು ಬಂದವರೆಲ್ಲ ಹೇಳುವುದು ಒಂದೇ ಮಾತು: "ಲಾಕ್ ಹಾಕಿದ್ದೆ ಮಾರಾಯ್ರೆ, ಆದ್ರೂ ಓಡಿತು." ಹಾಗಾಗಿ ಒಮ್ಮೆ ಪೂರ್ತಿ ಬಿಡಿಸಿ ಬರೆಯುತ್ತೇನೆ. ದಯವಿಟ್ಟು ಸಾವಕಾಶವಾಗಿ ಓದಿ.

ವರ್ಡ್‌ನಲ್ಲಿ ಫೋಟೋ ಕೂರುವುದು ಎರಡೇ ರೀತಿ. ಇನ್ಸರ್ಟ್ ಮಾಡಿದ ಕೂಡಲೇ ಸಾಮಾನ್ಯವಾಗಿ ಅದು 'ಇನ್ ಲೈನ್ ವಿತ್ ಟೆಕ್ಸ್ಟ್' ಆಗಿರುತ್ತದೆ. ಆಗ ವರ್ಡ್‌ನ ಲೆಕ್ಕದಲ್ಲಿ ಅದೊಂದು ದೊಡ್ಡ ಅಕ್ಷರ. ಸಾಲು ಹೋದಲ್ಲಿ ಅದೂ ಹೋಗುತ್ತದೆ. ಸ್ಕ್ವೇರ್, ಟೈಟ್, ಟಾಪ್ ಆಂಡ್ ಬಾಟಮ್, ಬಿಹೈಂಡ್ ಟೆಕ್ಸ್ಟ್, ಇನ್ ಫ್ರಂಟ್ ಆಫ್ ಟೆಕ್ಸ್ಟ್, ಇವುಗಳಲ್ಲಿ ಯಾವುದನ್ನು ಒತ್ತಿದರೂ ಫೋಟೋ ಸಾಲಿನಿಂದ ಬಿಡಿಸಿಕೊಂಡು ತೇಲಲು ಶುರು ಮಾಡುತ್ತದೆ. ಟೆಕ್ಸ್ಟ್ ಬಾಕ್ಸ್ ಹಾಕುವಾಗಲೇ ತೇಲುವ ಜಾತಿ.

ಹೀಗೆ ತೇಲುವ ಪ್ರತಿಯೊಂದಕ್ಕೂ ಒಂದು ಆಂಕರ್ ಇರುತ್ತದೆ. ಫೋಟೋ ಮೇಲೆ ಕ್ಲಿಕ್ ಮಾಡಿ, ಎಡಬದಿಯ ಮಾರ್ಜಿನ್ ನೋಡಿ. ಯಾವುದೋ ಒಂದು ಪ್ಯಾರಾದ ಪಕ್ಕದಲ್ಲಿ ಸಣ್ಣ ಲಂಗರಿನ ಗುರುತು ಕಾಣುತ್ತದೆ. ಕಾಣದಿದ್ದರೆ ಕಂಟ್ರೋಲ್, ಶಿಫ್ಟ್ ಮತ್ತು 8 ಒಟ್ಟಿಗೆ ಒತ್ತಿ, ಆಮೇಲೆ ನೋಡಿ.

ಈಗ ಅಸಲು ವಿಷಯ. ಮಲ್ಪೆ, ಗಂಗೊಳ್ಳಿ ಕಡೆಯವರಿಗೆ ಲಂಗರು ಎಂದರೆ ಎಂತ ಎಂದು ನಾನು ಹೇಳಬೇಕಾಗಿಲ್ಲ. ಲಂಗರು ಬಿಟ್ಟರೆ ಬೋಟು ನಿಂತಿತು. ಅದಕ್ಕೆ ಬೀಗವನ್ನೂ ಹಾಕಿದರೆ ಮತ್ತೆ ಹಂದುವ ಮಾತೇ ಇಲ್ಲ, ಅಲ್ವಾ? ಎಲ್ಲರೂ ಎಡವುವುದು ಇಲ್ಲಿಯೇ. ಬೋಟಿನ ಲಂಗರು ಸಮುದ್ರದ ತಳಕ್ಕೆ ಕಚ್ಚುತ್ತದೆ, ತಳ ಅಲುಗಾಡುವುದಿಲ್ಲ. ವರ್ಡ್‌ನ ಲಂಗರು ಕಚ್ಚುವುದು ಪ್ಯಾರಾಗೆ. ಪ್ಯಾರಾ ಕೆಳಗೆ ಜಾರಿದರೆ ಲಂಗರೂ ಜಾರುತ್ತದೆ. ಮುಂದಿನ ಪುಟಕ್ಕೆ ಹೋದರೆ ಫೋಟೋ ಕೂಡ ಹೋಗಲೇಬೇಕು, ಯಾಕೆಂದರೆ ಫೋಟೋ ಮತ್ತು ಅದರ ಆಂಕರ್ ಯಾವಾಗಲೂ ಒಂದೇ ಪುಟದಲ್ಲಿ ಇರಬೇಕು ಎಂಬುದು ವರ್ಡ್‌ನ ಕಟ್ಟುನಿಟ್ಟು. ಪ್ಯಾರಾವನ್ನು ಕೊನೆಯ ಗುರುತಿನ (¶) ಸಮೇತ ಅಳಿಸಿದರೆ ಫೋಟೋ ಕೂಡ ಅಳಿದುಹೋಗುತ್ತದೆ.

ಹಾಗಾದರೆ 'ಲಾಕ್ ಆಂಕರ್' ಮಾಡುವುದು ಎಂತ? ನೀವು ಫೋಟೋವನ್ನು ಮೌಸ್‌ನಲ್ಲಿ ಎಳೆದಾಗ ಆಂಕರ್ ಬೇರೆ ಪ್ಯಾರಾಗೆ ಹೋಗದ ಹಾಗೆ ಹಿಡಿದುಕೊಳ್ಳುತ್ತದೆ. ಅಷ್ಟೇ ಅದರ ಕೆಲಸ. 'ಫಿಕ್ಸ್ ಪೊಸಿಷನ್ ಆನ್ ಪೇಜ್' ಕೂಡ ಹಾಗೆಯೇ. ಪುಟದಲ್ಲಿ ಮೇಲಿನಿಂದ ಇಷ್ಟು, ಎಡದಿಂದ ಇಷ್ಟು ಎಂಬ ಜಾಗವನ್ನು ಅದು ಕಾಯುತ್ತದೆ. ಯಾವ ಪುಟ ಎನ್ನುವುದನ್ನು ಪ್ಯಾರಾ ತೀರ್ಮಾನಿಸುತ್ತದೆ.

ಇದನ್ನು ಎಷ್ಟು ಹೇಳಿದರೂ ಕೆಲವರು ನಂಬುವುದಿಲ್ಲ, ಹಾಗಾಗಿ ನನ್ನ ಕೈಗೆ ಬಂದ ಒಂದು ಫೈಲ್‌ನ ಕಥೆ ಹೇಳುತ್ತೇನೆ. ಒಂದು ಸ್ಮರಣ ಸಂಚಿಕೆ. 13ನೇ ಪುಟದಲ್ಲಿ ಕೋಶಾಧಿಕಾರಿಯವರ ಮಾತು, ಬಲಗಡೆ ಮೇಲಿನ ಮೂಲೆಯಲ್ಲಿ ಅವರ ಫೋಟೋ, ಅದರ ಕೆಳಗೆ ಹೆಸರಿನ ಟೆಕ್ಸ್ಟ್ ಬಾಕ್ಸ್. ಟೈಪ್ ಮಾಡಿದವರು ಮಾತನ್ನೆಲ್ಲ ಮುಗಿಸಿ, ಕರ್ಸರ್ ಕೊನೆಯಲ್ಲಿ ಇರುವಾಗ ಫೋಟೋ ಇನ್ಸರ್ಟ್ ಮಾಡಿದ್ದರು. ಹಾಗಾಗಿ ಆಂಕರ್ ಕಚ್ಚಿದ್ದು "ಎಲ್ಲರಿಗೂ ಒಳ್ಳೆಯದಾಗಲಿ" ಎಂಬ ಎರಡು ಸಾಲಿನ ಕೊನೆಯ ಪ್ಯಾರಾಗೆ. ಆಮೇಲೆ ಜಾಗ್ರತೆಗೆಂದು ಲಾಕ್ ಹಾಕಿ, ಫಿಕ್ಸ್ ಕೂಡ ಮಾಡಿ, ಫೋಟೋವನ್ನು ಮೇಲಿನ ಮೂಲೆಗೆ ಎಳೆದರು. ಮರುದಿನ ಬೇರೆ ಯಾರೋ 12ನೇ ಪುಟದಲ್ಲಿ ನಾಲ್ಕು ದಾನಿಗಳ ಹೆಸರು ಸೇರಿಸಿದರು. ಆ ಕೊನೆಯ ಎರಡು ಸಾಲು 14ನೇ ಪುಟಕ್ಕೆ ಜಾರಿತು. ಫೋಟೋ ಕೂಡ 14ಕ್ಕೆ ಹೋಗಿ, ಅಲ್ಲಿ ಬಲಗಡೆ ಮೇಲಿನ ಮೂಲೆಯಲ್ಲೇ ಕೂತಿತು. ಹೆಸರಿನ ಬಾಕ್ಸ್‌ನ ಆಂಕರ್ ಬೇರೆ ಪ್ಯಾರಾದಲ್ಲಿ ಇದ್ದುದರಿಂದ ಹೆಸರು 13ರಲ್ಲೇ ಉಳಿಯಿತು. 14ನೇ ಪುಟದಲ್ಲಿ ಇದ್ದದ್ದು ಶ್ರದ್ಧಾಂಜಲಿ.

ಪ್ರಿಂಟ್‌ಗೆ ಹೋಗುವ ಮೊದಲು ಕಣ್ಣಿಗೆ ಬಿತ್ತು, ಪುಣ್ಯ. ಬದುಕಿರುವವರ ಫೋಟೋ ಶ್ರದ್ಧಾಂಜಲಿಯ ಪಕ್ಕದಲ್ಲಿ ಅಚ್ಚಾಗಿ ಊರಿಡೀ ಹಂಚಿದ್ದರೆ ಆ ಮನೆಯವರಿಗೆ ಎಷ್ಟು ನೋವಾಗುತ್ತಿತ್ತು ಯೋಚಿಸಿ. ಆ ದಿನದಿಂದ ನನಗೆ ಈ ಲಾಕ್‌ನ ವಿಷಯದಲ್ಲಿ ಸುಮ್ಮನಿರಲು ಆಗುವುದಿಲ್ಲ. ಲಾಕ್ ಹಾಕದೆ ಇದ್ದಿದ್ದರೆ, ಫೋಟೋವನ್ನು ಮೇಲೆ ಎಳೆಯುವಾಗ ಆಂಕರ್ ಕೂಡ ಮೇಲಿನ ಪ್ಯಾರಾಗೆ ಬರುತ್ತಿತ್ತು. ನಾಲ್ಕು ಸಾಲು ಸೇರಿಸಿದರೂ ಫೋಟೋ ಅವರ ಮಾತಿನ ಪಕ್ಕದಲ್ಲೇ ಇರುತ್ತಿತ್ತು. ಲಾಕ್ ಹಾಕಿದ್ದೇ ಅದನ್ನು ತಪ್ಪು ಪುಟಕ್ಕೆ ಕಳಿಸಿದ್ದು.

ಹಾಗಾದರೆ ಮಾಡುವುದು ಹೇಗೆ? ಮೊದಲನೆಯದು, ಮಾತಿನ ನಡುವೆ ಬರುವ ಫೋಟೋ ಆದರೆ ತೇಲಿಸಬೇಡಿ. 'ಇನ್ ಲೈನ್' ಇಟ್ಟು, ಅದಕ್ಕೇ ಒಂದು ಪ್ಯಾರಾ ಕೊಟ್ಟು, ಸೆಂಟರ್ ಮಾಡಿ. ಆ ಪ್ಯಾರಾಗೆ 'ಕೀಪ್ ವಿತ್ ನೆಕ್ಸ್ಟ್' ಹಾಕಿದರೆ ಕೆಳಗಿನ ಹೆಸರಿನ ಸಾಲು ಫೋಟೋ ಬಿಟ್ಟು ಹೋಗುವುದಿಲ್ಲ. ಹತ್ತರಲ್ಲಿ ಎಂಟು ಕೆಲಸ ಇಷ್ಟರಲ್ಲೇ ಮುಗಿಯುತ್ತದೆ. ಸಮಿತಿಯ ಆರು ಜನರ ಫೋಟೋ ಸಾಲಾಗಿ ಬೇಕು, ಕೆಳಗೆ ಹೆಸರು ಬೇಕು ಎಂದರೆ ಟೇಬಲ್ ಹಾಕಿ, ಗೆರೆ ತೆಗೆಯಿರಿ. ಟೇಬಲ್ ಪ್ರಾಪರ್ಟೀಸ್‌ನ ಆಪ್ಷನ್ಸ್‌ನಲ್ಲಿ 'ಆಟೋಮ್ಯಾಟಿಕಲಿ ರೀಸೈಜ್ ಟು ಫಿಟ್ ಕಂಟೆಂಟ್ಸ್' ಎಂಬುದರ ಟಿಕ್ ತೆಗೆದುಬಿಡಿ, ಇಲ್ಲದಿದ್ದರೆ ದೊಡ್ಡ ಫೋಟೋ ಪಕ್ಕದ ಕೋಣೆಯನ್ನು ತಳ್ಳುತ್ತದೆ. ಆರು ಟೆಕ್ಸ್ಟ್ ಬಾಕ್ಸ್ ಬಿಡಿಸಿ ಒಂದೊಂದನ್ನೇ ಹೊಂದಿಸುತ್ತಾ ಕೂರುವ ಅಗತ್ಯವೇ ಇಲ್ಲ.

ಪುಟದ ಇಂಥದೇ ಮೂಲೆಯಲ್ಲಿ ಫೋಟೋ ಬೇಕೇ ಬೇಕು ಎಂದರೆ ಮಾತ್ರ ತೇಲಿಸಿ. ಆ ಪುಟದ ಮೊದಲ ಪ್ಯಾರಾಗೆ 'ಪೇಜ್ ಬ್ರೇಕ್ ಬಿಫೋರ್' ಕೊಡಿ. ಆಗ ಹಿಂದಿನ ಪುಟದಲ್ಲಿ ಏನು ಸೇರಿಸಿದರೂ ಈ ಪ್ಯಾರಾ ಹೊಸ ಪುಟದ ತಲೆಯಲ್ಲೇ ನಿಲ್ಲುತ್ತದೆ. ಲಂಗರಿನ ಗುರುತನ್ನೇ ಹಿಡಿದು ಎಳೆದು ಆ ಪ್ಯಾರಾದ ಪಕ್ಕ ತಂದು ಬಿಡಿ. ಹೆಸರಿನ ಬಾಕ್ಸ್‌ನ ಲಂಗರನ್ನೂ ಅಲ್ಲಿಗೇ ತನ್ನಿ. ಆಮೇಲೆ ಫಿಕ್ಸ್ ಮಾಡಿ, ಕೊನೆಗೆ ಲಾಕ್ ಹಾಕಿ. ಲಾಕ್‌ಗೆ ಬೆಲೆ ಇರುವುದು ಇಲ್ಲಿ, ಸರಿಯಾದ ಪ್ಯಾರಾ ಹಿಡಿದ ಮೇಲೆ. ನನ್ನ ಹತ್ತಿರ ಕಲಿತ ಹುಡುಗಿಯರು ಈಗ 100 ಪುಟದ ಸಂಚಿಕೆಯನ್ನೂ ಹೀಗೆ ಕಟ್ಟುತ್ತಾರೆ, ಒಂದು ಫೋಟೋ ಅಲುಗುವುದಿಲ್ಲ. ಅದನ್ನು ನೋಡುವಾಗ ನನಗೆ ನಿಜವಾಗಿ ಖುಷಿಯಾಗುತ್ತದೆ.

ಎಂಟರ್ ಒತ್ತಿ ಒತ್ತಿ ಫೋಟೋವನ್ನು ಕೆಳಗೆ ತಳ್ಳುವವರಿಗೆ ಒಂದೇ ಮಾತು: ಇನ್ನೊಂದು ಕಂಪ್ಯೂಟರ್‌ನಲ್ಲಿ ನಿಮ್ಮ ಕನ್ನಡ ಫಾಂಟ್ ಇಲ್ಲದಿದ್ದರೆ ಆ ಲೆಕ್ಕ ಪೂರ್ತಿ ತಪ್ಪುತ್ತದೆ. ಪ್ರೆಸ್‌ಗೆ ಕಳಿಸುವಾಗ ಪಿಡಿಎಫ್ ಮಾಡಿಯೇ ಕಳಿಸಿ.

ಫಾಂಟ್ ಎಂದಾಗ ನೆನಪಾಯಿತು. ನೀವು ಕೇಳಲಿಲ್ಲ, ಆದರೆ ನಾನು ಹೇಳಿದ ಹಾಗೆ ಫೋಟೋವನ್ನು 'ಇನ್ ಲೈನ್' ಮಾಡಿದ ಕೂಡಲೇ ಕೆಲವರಿಗೆ ಫೋಟೋದ ಒಂದು ಪಟ್ಟಿ ಮಾತ್ರ ಕಾಣುತ್ತದೆ. ಫೋಟೋ ಹಾಳಾಯಿತು ಎಂದು ಗಾಬರಿಯಾಗಬೇಡಿ. ತುಂಗಾ, ನಿರ್ಮಲಾ ಯುಐ ಥರದ ಫಾಂಟ್‌ಗಳಲ್ಲಿ ಒತ್ತಕ್ಷರಕ್ಕೆ ಜಾಗ ಬೇಕಲ್ಲ, ಸಾಲಿನ ನಡುವೆ ಅಂತರ ಜಾಸ್ತಿ ಇರುತ್ತದೆ. ಪುಟ ಉಳಿಸಲು ಹೆಚ್ಚಿನವರು ಲೈನ್ ಸ್ಪೇಸಿಂಗ್‌ನಲ್ಲಿ 'ಎಗ್ಸಾಕ್ಟ್ಲಿ' ಎಂದು ಕೊಟ್ಟು 18 ಪಾಯಿಂಟ್ ಹಾಕಿರುತ್ತಾರೆ. ಫೋಟೋ ಈಗ ಅಕ್ಷರವಲ್ಲವೇ, ಅದಕ್ಕೂ ಸಿಗುವುದು ಆ 18 ಪಾಯಿಂಟ್ ಎತ್ತರವೇ. ಫೋಟೋ ಇರುವ ಪ್ಯಾರಾಗೆ ಮಾತ್ರ 'ಸಿಂಗಲ್' ಮಾಡಿ, ಪೂರ್ತಿ ಫೋಟೋ ಬರುತ್ತದೆ.

ಉಳಿದ ಪ್ಯಾರಾಗಳಿಗೆ 'ಎಗ್ಸಾಕ್ಟ್ಲಿ' ಇರಲಿ, ಆದರೆ ತೀರಾ ಬಿಗಿ ಮಾಡಬೇಡಿ. ಅಕ್ಷರ 14 ಪಾಯಿಂಟ್ ಇಟ್ಟು ಸಾಲಿಗೂ 14 ಕೊಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತದೆ. ಒಂದು ಪುಟ ಪ್ರಿಂಟ್ ತೆಗೆದು, ಹೆಸರುಗಳ ಪಟ್ಟಿಯಲ್ಲಿ 'ಶಾಸ್ತ್ರಿ' ಎಂದು ಇರುವಲ್ಲಿ ಬೆರಳಿಟ್ಟು ನೋಡಿ. ತ ಒತ್ತು ಮತ್ತು ರ ಒತ್ತು ಎರಡೂ ಪೂರ್ತಿ ಕಾಣಬೇಕು. ಕಾಣದಿದ್ದರೆ ಎರಡೆರಡು ಪಾಯಿಂಟ್ ಏರಿಸುತ್ತಾ ಹೋಗಿ.