ಕಂಬದ ಮೇಲಿನ ವಿಮಾನ ಅಸಲಿಯೋ, ನಕಲಿಯೋ?

ಚಿತ್ರದುರ್ಗದ ಹೆದ್ದಾರಿಯಲ್ಲಿ ಗಾಳಿಯಂತ್ರದ ರೆಕ್ಕೆ ಹೊತ್ತ ಉದ್ದನೆಯ ಟ್ರೈಲರ್ ಹೋಗುವುದನ್ನು ನೋಡಿದ್ದೀರಲ್ವಾ? ಒಮ್ಮೆ ಚಹಾ ಅಂಗಡಿ ಮುಂದೆ ನಿಂತಿದ್ದ ಅಜ್ಜ ಒಬ್ಬರು, "ಇದು ಯಾವ ಇಮಾನದ ರೆಕ್ಕೆನಪ್ಪಾ?" ಎಂದು ಕೇಳಿದರು. ನನಗೆ ನಗು ಬಂತು. ಆದರೆ ಅಜ್ಜ ತೀರಾ ತಪ್ಪೇನೂ ಹೇಳಿರಲಿಲ್ಲ. ಆ ರೆಕ್ಕೆ ಫೈಬರ್‌ನದ್ದು. ಹಳೆಯ ಯುದ್ಧವಿಮಾನಗಳ ಪೂರ್ಣ ಅಳತೆಯ ಪ್ರತಿಕೃತಿಗಳನ್ನೂ ಈಗ ಹೆಚ್ಚಾಗಿ ಫೈಬರ್‌ನಲ್ಲೇ ಮಾಡುತ್ತಾರೆ.

ಈ ಕಸುಬು ಬೆಳೆದದ್ದು ಶತ್ರುವಿಗೆ ಟೋಪಿ ಹಾಕಲು. ಎರಡನೇ ಮಹಾಯುದ್ಧದಲ್ಲಿ, 1940ರ ಹೊತ್ತಿಗೆ, ಬ್ರಿಟನ್ ಸುಳ್ಳು ವಿಮಾನ ನಿಲ್ದಾಣಗಳನ್ನೇ ಕಟ್ಟಿತು. ಅಲ್ಲಿ ನಿಲ್ಲಿಸಲು ಮರ, ಕ್ಯಾನ್ವಾಸ್ ಬಳಸಿ ಹರಿಕೇನ್ ವಿಮಾನಗಳನ್ನು ಮಾಡಿಕೊಟ್ಟವರಲ್ಲಿ ಸಿನಿಮಾ ಸ್ಟುಡಿಯೋದವರೂ ಇದ್ದರು. ಮೇಲಿನಿಂದ ನೋಡುವ ಜರ್ಮನ್ ಪೈಲಟ್ ಮೋಸಹೋದರೆ ಸಾಕಿತ್ತು. ಜರ್ಮನರು ಗುಟ್ಟು ತಿಳಿದು ಮರದ ಬಾಂಬನ್ನೇ ಹಾಕಿ ಹೋದರು ಅನ್ನೋ ತಮಾಷೆಯ ಕತೆಯೂ ಇದೆ. ನಿಜವೋ ಸುಳ್ಳೋ, ಕೇಳಲು ಚೆನ್ನಾಗಿದೆ.

ಯುದ್ಧ ಮುಗಿದ ಮೇಲೆ ಈ ಕೆಲಸ ಸಿನಿಮಾಕ್ಕೆ ಹೋಯಿತು. 1969ರಲ್ಲಿ ಬಂದ 'ಬ್ಯಾಟಲ್ ಆಫ್ ಬ್ರಿಟನ್' ಚಿತ್ರಕ್ಕೆ ಮಾಡಿದ ನಕಲಿ ವಿಮಾನಗಳಲ್ಲಿ ಕೆಲವು ಆಮೇಲೆ ಮ್ಯೂಸಿಯಂ ಸೇರಿದವು.

ದೊಡ್ಡ ತಿರುವು ಬಂದದ್ದು 1980ರ ದಶಕದ ಕೊನೆಗೆ. ಬ್ರಿಟನ್ನಿನ ವಾಯುನೆಲೆಗಳ ಗೇಟಿನ ಮುಂದೆ ಎರಡನೇ ಮಹಾಯುದ್ಧದ ಅಸಲಿ ಸ್ಪಿಟ್‌ಫೈರ್ ಯುದ್ಧವಿಮಾನಗಳನ್ನು ನಿಲ್ಲಿಸಿದ್ದರು. ವರ್ಷಗಟ್ಟಲೆ ಮಳೆಗೆ ನೆನೆದರೆ ಏನಾಗುತ್ತದೆ? ಅಲ್ಯೂಮಿನಿಯಂಗೆ ತುಕ್ಕಿಲ್ಲ ಅನ್ನುತ್ತೇವೆ. ಆದರೆ ಅದು ಉಕ್ಕಿನ ಬೋಲ್ಟಿಗೆ ತಾಗಿಕೊಂಡಿರುವ ಕಡೆ ನೀರು ನಿಂತರೆ ಬೂದುಪುಡಿಯಾಗಿ ಉದುರುತ್ತದೆ. ಕೊನೆಗೆ ಅಸಲಿಗಳನ್ನು ಇಳಿಸಿ ಫೈಬರ್ ನಕಲುಗಳನ್ನು ನಿಲ್ಲಿಸಿದರು. ಇಳಿಸಿದವುಗಳಲ್ಲಿ ಕೆಲವು ರಿಪೇರಿಯಾಗಿ ಮತ್ತೆ ಹಾರಿದವು! ನನ್ನ ಮಟ್ಟಿಗೆ ಪ್ರತಿಕೃತಿಗೆ ಮರ್ಯಾದೆ ಬಂದದ್ದೇ ಆಗ.

ನಮ್ಮಲ್ಲಿ ಕತೆ ಉಲ್ಟಾ. ಬೆಂಗಳೂರಿನ ಎಚ್‌ಎಎಲ್‌ನಲ್ಲೇ ನ್ಯಾಟ್ ಯುದ್ಧವಿಮಾನ ತಯಾರಾಯಿತು. 1961ರಲ್ಲಿ ಮೊದಲು ಹಾರಿದ ಮಾರುತ್ ಕೂಡ ಅಲ್ಲಿಯದೇ. 1963ರಲ್ಲಿ ಬಂದ ಮಿಗ್-21 ಕೊನೆಗೆ ನಿವೃತ್ತಿಯಾದದ್ದು 2025ರ ಸೆಪ್ಟೆಂಬರ್ 26ರಂದು. ಸೇವೆ ಮುಗಿಸಿದ ವಿಮಾನಗಳು ಬೇಕಾದಷ್ಟಿದ್ದವು. ಹಾಗಾಗಿ ಊರೂರಿನ ವೃತ್ತ, ಪಾರ್ಕುಗಳಲ್ಲಿ ಅಸಲಿಯನ್ನೇ ಎತ್ತಿ ಕಂಬಕ್ಕೇರಿಸಿದರು. ಮೇಲೆ ಒಂದು ಕೋಟ್ ಬಣ್ಣ ಬಳಿದರೆ ಮುಗಿಯಿತು. ಒಳಗೆ ಪಾರಿವಾಳ ಗೂಡು ಕಟ್ಟಿದರೂ ಕೇಳುವವರಿಲ್ಲ.

ಆದರೆ ಇನ್ನೂ ಹಿಂದಿನವು? 1933ರ ಏಪ್ರಿಲ್ 1ರಂದು ನಮ್ಮ ವಾಯುಪಡೆಯ ಮೊದಲ ಸ್ಕ್ವಾಡ್ರನ್ ಕರಾಚಿಯಲ್ಲಿ ಶುರುವಾದಾಗ ಇದ್ದದ್ದು ನಾಲ್ಕೇ ನಾಲ್ಕು ವಾಪಿಟಿ ವಿಮಾನ. ಒಂದರ ಮೇಲೊಂದು ಎರಡು ಜೊತೆ ರೆಕ್ಕೆ, ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 14 ಮೀಟರ್, ಮೈಗೆ ಬಟ್ಟೆಯ ಹೊದಿಕೆ. ಅಂಥದ್ದನ್ನು ನಮ್ಮೂರ ಮಕ್ಕಳಿಗೆ ತೋರಿಸಬೇಕು ಅಂದರೆ ಹೊಸದಾಗಿ ಮಾಡುವುದೊಂದೇ ದಾರಿ. ಅದಕ್ಕೆ ಫೈಬರ್ ಜಾಸ್ತಿ ಬೇಕಿಲ್ಲ. ಕಬ್ಬಿಣದ ಪೈಪು, ಮರದ ಪಟ್ಟಿ, ಬಟ್ಟೆ, ಆ ಬಟ್ಟೆ ಬಿಗಿದುಕೊಳ್ಳಲು ಬಳಿಯುವ ಡೋಪ್ ಎಂಬ ಮೆರುಗೆಣ್ಣೆ ಸಾಕು. ಬಟ್ಟೆ ಗಿರಣಿಗಳಿಂದಲೇ ಹೆಸರಾದ ದಾವಣಗೆರೆಗೆ ಇದು ದೂರದ ಮಾತೇನಲ್ಲ.

ಮಿಗ್‌ನಂಥ ಜೆಟ್ಟಿಗಾದರೆ ವಿಧಾನ ಬೇರೆ. ಅಸಲಿಯ ಮೈಮೇಲೆ ಅಚ್ಚು ತೆಗೆಯಬೇಕು. ಅಚ್ಚಿನೊಳಗೆ ಗಾಜಿನ ನಾರು, ರೆಸಿನ್ ಎಂಬ ಅಂಟು ಪದರ ಪದರವಾಗಿ ಹಚ್ಚಬೇಕು. ಒಣಗಿದ ಮೇಲೆ ಒಳಗೆ ಉಕ್ಕಿನ ಚೌಕಟ್ಟು. ತಗಡು ಜೋಡಿಸುವ ರಿವೆಟ್ ಮೊಳೆಗಳ ಗುರುತು ತಪ್ಪಿದರೆ ಹಳೆಯ ಏರ್‌ಮನ್‌ಗಳು ಒಂದೇ ನೋಟಕ್ಕೆ ಹಿಡಿದುಬಿಡುತ್ತಾರೆ. ಇನ್ನೊಂದು, ಇದು ಪ್ರತಿಕೃತಿ ಅಂತ ಬೋರ್ಡಿನಲ್ಲಿ ಬರೆಯಲೇಬೇಕು. ಬ್ರಿಟನ್ನಿನಲ್ಲಿ ನಕಲುಗಳಿಗೂ ಬೇರೆ ನಂಬರ್ ಕೊಟ್ಟು ಪಟ್ಟಿ ಇಡುತ್ತಾರೆ. ಸುಮ್ನೆ ಅಸಲಿ ಅಂತ ಹೇಳಿ ನಿಲ್ಲಿಸಿದರೆ ಅದು ಮತ್ತೆ 1940ರ ಟೋಪಿಯೇ.

ಚಳ್ಳಕೆರೆ ಹತ್ತಿರ 2017ರಿಂದ ಡಿಆರ್‌ಡಿಒದ ವಿಮಾನ ಪರೀಕ್ಷಾ ಕೇಂದ್ರವಿದೆ, ಡ್ರೋನ್‌ಗಳು ಹಾರುತ್ತವೆ. ಹಾಗಾಗಿ ಚಿತ್ರದುರ್ಗ ಜಿಲ್ಲೆಗೆ ಒಂದು ವಿಮಾನ ಒಪ್ಪುತ್ತದೆ. ಆದರೆ ಇಲ್ಲಿ ನಿಲ್ಲಿಸುವವರು ಗಾಳಿಯ ಲೆಕ್ಕ ಮೊದಲು ಹಾಕಬೇಕು. ಚಿತ್ರದುರ್ಗದ ಪಕ್ಕದ ಜೋಗಿಮಟ್ಟಿ ಬೆಟ್ಟದ ಸುತ್ತ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ಅಸಲಿ ಮಿಗ್ ಟನ್‌ಗಟ್ಟಲೆ ತೂಗುತ್ತದೆ, ಫೈಬರ್ ಮಿಗ್ ಹಗುರ. ಆದರೆ ರೆಕ್ಕೆಯ ಆಕಾರ ಅದೇ. ಆಷಾಢದ ಗಾಳಿ ಎದುರಿನಿಂದ ಬಂದರೆ ಅದು ನಿಜವಾಗಿಯೂ ಮೇಲೇಳಲು ನೋಡುತ್ತದೆ. ಅದಕ್ಕೇ ಬುಡದಲ್ಲಿ ಕಾಂಕ್ರೀಟ್ ಧಾರಾಳವಾಗಿ ಸುರಿಯಬೇಕು, ಮೂಗನ್ನು ಯಾವ ದಿಕ್ಕಿಗೆ ತಿರುಗಿಸಬೇಕು ಅಂತ ಇಂಜಿನಿಯರನ್ನು ಮೊದಲೇ ಕೇಳಬೇಕು.