ಕಾಗೆ, ಕೊಂಬೆ ಮತ್ತು ಐದಿಂಚು ಮಣ್ಣು

ಬೇಸ್‌ಬಾಲ್ ಹರಟೆಯಲ್ಲಿ 1968ರ ಸೀಸನ್ನಿನ ಮಾತು ಬಂದರೆ ಕಥೆ ಸಾಗುವುದು ಹೀಗೆ: ಆ ವರ್ಷ ಅಮೆರಿಕದ ಮೇಜರ್ ಲೀಗ್‌ನಲ್ಲಿ ಪಿಚರ್‌ಗಳು ಬ್ಯಾಟರ್‌ಗಳನ್ನು ಹುರಿದು ಮುಕ್ಕಿದರು. ಗಾಬರಿಬಿದ್ದ ಆಡಳಿತದವರು ಪಿಚರ್ ನಿಂತು ಎಸೆಯುವ ಮಣ್ಣಿನ ದಿಬ್ಬವನ್ನು 15 ಇಂಚಿನಿಂದ 10 ಇಂಚಿಗೆ ಇಳಿಸಿದರು. ಮರುವರ್ಷ ರನ್ ಹರಿದುಬಂತು. ದಿಬ್ಬ ತಗ್ಗಿತು, ರೋಗ ವಾಸಿಯಾಯಿತು! ಕಾಗೆ ಕೂತಿತು, ಕೊಂಬೆ ಮುರಿಯಿತು ಎಂದಷ್ಟೇ ಸೊಗಸಾದ ಕಥೆ. ಆದರೆ ಕಾಗೆಯ ತೂಕ ಎಷ್ಟೆಂದು ಯಾರೂ ಕೇಳುವುದಿಲ್ಲ. ಇಲ್ಲಿ ಅದನ್ನು ತೂಗಿ ನೋಡೋಣ.

ರೋಗ ಇದ್ದದ್ದಂತೂ ನಿಜ. 1968ರಲ್ಲಿ ಒಂದು ತಂಡ ಒಂದು ಪಂದ್ಯದಲ್ಲಿ ಗಳಿಸುತ್ತಿದ್ದದ್ದು ಸರಾಸರಿ 3.42 ರನ್. ಮೇಜರ್ ಲೀಗ್‌ನ ಎರಡು ಭಾಗಗಳಾದ ಅಮೆರಿಕನ್, ನ್ಯಾಷನಲ್ ಲೀಗ್‌ಗಳ ಒಟ್ಟು ಬ್ಯಾಟಿಂಗ್ ಸರಾಸರಿ, ಅಂದರೆ ಬ್ಯಾಟ್ ಹಿಡಿದ ಸರದಿಗಳಲ್ಲಿ ‘ಹಿಟ್’ (ಹೊಡೆದು ಬೇಸ್ ಮುಟ್ಟಿದ್ದು) ಆದವುಗಳ ಪಾಲು, 0.237. ಅಮೆರಿಕನ್ ಲೀಗ್‌ನಲ್ಲಿ 0.300 ದಾಟಿದವರು ಒಬ್ಬರೇ, ಬಾಸ್ಟನ್ನಿನ ಕಾರ್ಲ್ ಯಾಸ್ಟ್ರೆಮ್‌ಸ್ಕಿ, ಅದೂ 0.301. ಅಷ್ಟು ಕಡಿಮೆ ಅಂಕಕ್ಕೆ ಬ್ಯಾಟಿಂಗ್ ಕಿರೀಟ ಹಿಂದೆಂದೂ ಸಿಕ್ಕಿರಲಿಲ್ಲ, ಮುಂದೆಯೂ ಸಿಕ್ಕಿಲ್ಲ. ಡೆಟ್ರಾಯಿಟ್‌ನ ಪಿಚರ್ ಡೆನಿ ಮೆಕ್ಲೇನ್ 31 ಪಂದ್ಯ ಗೆದ್ದರು. 1934ರ ನಂತರ 30 ಮುಟ್ಟಿದ ಮೊದಲಿಗ, ಇಂದಿನವರೆಗೆ ಕೊನೆಯವರೂ ಅವರೇ. ಏಪ್ರಿಲ್ 15ರಂದು ಹ್ಯೂಸ್ಟನ್‌ನಲ್ಲಿ ಮೆಟ್ಸ್ ಮತ್ತು ಆಸ್ಟ್ರೋಸ್ ತಂಡಗಳು 24 ಇನ್ನಿಂಗ್ಸ್ ಆಡಿದವು (ಮಾಮೂಲಿ ಪಂದ್ಯ 9ಕ್ಕೆ ಮುಗಿಯುತ್ತದೆ). ಫಲಿತಾಂಶ 1-0. ಸೆಪ್ಟೆಂಬರ್ 17ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಗೇಲಾರ್ಡ್ ಪೆರಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ಗೆ ಒಂದೇ ಒಂದು ಹಿಟ್ ಕೊಡಲಿಲ್ಲ. ಮರುದಿನ ಅದೇ ಮೈದಾನದಲ್ಲಿ ಕಾರ್ಡಿನಲ್ಸ್‌ನ ರೇ ವಾಶ್‌ಬರ್ನ್ ಬಡ್ಡಿಸಮೇತ ತೀರಿಸಿದರು, ಅವರೂ ಹಿಟ್ ಕೊಡಲಿಲ್ಲ.

ಇವರೆಲ್ಲರ ಮೇಲೆ ಬಾಬ್ ಗಿಬ್ಸನ್. ಸೇಂಟ್ ಲೂಯಿಸ್‌ನ ಈ ಪಿಚರ್ ಆ ವರ್ಷ ಎಸೆದದ್ದು 304⅔ ಇನ್ನಿಂಗ್ಸ್, ಫೀಲ್ಡರ್‌ಗಳ ತಪ್ಪು ಬಿಟ್ಟರೆ ತನ್ನ ಲೆಕ್ಕಕ್ಕೆ ಕೊಟ್ಟದ್ದು 38 ರನ್. 9 ಇನ್ನಿಂಗ್ಸ್‌ಗೆ 1.12! 34 ಪಂದ್ಯ ಶುರುಮಾಡಿ 28ನ್ನು ತಾವೇ ಮುಗಿಸಿದರು, 13ರಲ್ಲಿ ಎದುರಾಳಿಗೆ ಸೊನ್ನೆ. ಇಷ್ಟಾಗಿಯೂ 9 ಪಂದ್ಯ ಸೋತರು, ಏಕೆಂದರೆ ಅವರ ಕಡೆಯ ಬ್ಯಾಟರ್‌ಗಳಿಗೂ ಅದೇ ರೋಗ.

ಈಗ ದಿಬ್ಬಕ್ಕೆ ಬರೋಣ. 18 ಅಡಿ ಅಡ್ಡಳತೆಯ ಗಟ್ಟಿ ಜೇಡಿಮಣ್ಣಿನ ಗುಪ್ಪೆ. ನೆತ್ತಿಯಲ್ಲಿ 24 ಇಂಚು ಉದ್ದ, 6 ಇಂಚು ಅಗಲದ ಬಿಳಿ ರಬ್ಬರ್ ಪಟ್ಟಿ. ಪಿಚರ್‌ನ ಒಂದು ಪಾದ ಆ ಪಟ್ಟಿಗೆ ತಾಗಿರಬೇಕು. ಅಲ್ಲಿಂದ ಬ್ಯಾಟರ್ ಪಕ್ಕದಲ್ಲಿರುವ ಹೋಮ್ ಪ್ಲೇಟ್‌ಗೆ 60 ಅಡಿ 6 ಇಂಚು, ಅಂದರೆ 18.44 ಮೀಟರ್. ಈ ದೂರ 1893ರಿಂದ ಬದಲಾಗಿಲ್ಲ. ಎತ್ತರದ ಲೆಕ್ಕ ಸುತ್ತಲಿನ ಹುಲ್ಲಿನಿಂದಲ್ಲ, ಹೋಮ್ ಪ್ಲೇಟ್‌ನ ಮಟ್ಟದಿಂದ. 1950ರಿಂದ ಅದು 15 ಇಂಚು ಎಂದು ನಿಯಮ ಹೇಳುತ್ತಿತ್ತು, ಆದರೆ ಲಾಸ್ ಏಂಜಲೀಸ್‌ನ ದಿಬ್ಬ ಅದಕ್ಕಿಂತ ಎತ್ತರ ಎಂಬ ಗೊಣಗಾಟ ಎದುರಾಳಿ ಆಟಗಾರರ ಬಾಯಲ್ಲಿ ಸದಾ ಇತ್ತು.

ಎತ್ತರದಿಂದ ಎಸೆದರೆ ಚೆಂಡಿಗೆ ವೇಗ ಹೆಚ್ಚು ಎಂಬುದು ಜನಪ್ರಿಯ ವಿವರಣೆ. ಇದನ್ನು ಮೊದಲು ಗುಡಿಸಿಹಾಕಬೇಕು. ಸೆಕೆಂಡಿಗೆ 42.5 ಮೀಟರ್, ಅಂದರೆ ಗಂಟೆಗೆ 153 ಕಿ.ಮೀ. ವೇಗದ ಚೆಂಡು 5 ಇಂಚು (12.7 ಸೆಂ.ಮೀ.) ಹೆಚ್ಚು ಕೆಳಗೆ ಬಿದ್ದರೆ ಗುರುತ್ವದಿಂದ ಅದಕ್ಕೆ ದಕ್ಕುವ ಹೆಚ್ಚುವರಿ ವೇಗ ಸೆಕೆಂಡಿಗೆ 0.03 ಮೀಟರ್. ಗಂಟೆಗೆ 153 ಇದ್ದದ್ದು 153.1 ಆದೀತು, ಅಷ್ಟೆ. ಪಿಚರ್‌ನ ದೇಹಕ್ಕೆ ನೂಕು ಸಿಗುತ್ತದಲ್ಲ ಎನ್ನಬಹುದು. ಸಿಗುತ್ತದೆ, ಆದರೆ ಅದನ್ನು ಕೊಡುವುದು ಎತ್ತರವಲ್ಲ, ಇಳಿಜಾರು. ರಬ್ಬರ್ ಮೇಲಿನ ಪಾದಕ್ಕೂ ಮುಂದೆ ಊರುವ ಪಾದಕ್ಕೂ ನಡುವಿನ ತಗ್ಗು ಎಷ್ಟು ಎಂಬುದೇ ಮುಖ್ಯ. ಈಗಿನ ನಿಯಮದಂತೆ ರಬ್ಬರ್‌ನಿಂದ 6 ಇಂಚು ಮುಂದಕ್ಕೆ ಶುರುವಾಗಿ ಅಡಿಗೆ 1 ಇಂಚಿನಂತೆ ಇಳಿಯಬೇಕು. ಇಡೀ ದಿಬ್ಬವನ್ನು ಮೂರು ಅಡಿ ಮೇಲಕ್ಕೆತ್ತಿ ನೆತ್ತಿಯನ್ನು ಸಮತಟ್ಟು ಮಾಡಿದರೆ ದೇಹಕ್ಕೆ ಸಿಗುವ ನೂಕು ಸೊನ್ನೆ. ಪಿಚರ್‌ಗಳು ಪಂದ್ಯದ ನಡುವೆ ಕಾಲಿನಿಂದ ಮಣ್ಣು ಕೆದಕಿ ತುಳಿಯುವುದು ಚಟಕ್ಕಲ್ಲ. ಮುಂದಿನ ಪಾದ ಊರುವ ಕಡೆ ಗುಳಿ ಬಿದ್ದರೆ ಪಾದ ನೆಲ ಮುಟ್ಟುವ ಕ್ಷಣ ತಡವಾಗುತ್ತದೆ, ಗುಳಿ ತುಂಬಿ ಉಬ್ಬಿದರೆ ಬೇಗವಾಗುತ್ತದೆ. ಬೇಗವಾದಾಗ ಕೈ ಹಿಂದುಳಿದು ಚೆಂಡು ಗುರಿಗಿಂತ ಮೇಲೆ ಹೋಗುತ್ತದೆ.

ಉಳಿದದ್ದು ಕೋನ. ಗಂಭೀರ ವಾದ ಇದೊಂದೇ, ಹಾಗಾಗಿ ಸ್ವಲ್ಪ ನಿಂತು ನೋಡಬೇಕು. ಚೆಂಡು ಇಳಿಯುತ್ತಾ ಬರುತ್ತದೆ, ಬ್ಯಾಟು ತುಸು ಏರುತ್ತಾ ಹೋಗುತ್ತದೆ. ಎರಡರ ದಾರಿ ಒಂದೇ ಗೆರೆಯಲ್ಲಿದ್ದರೆ ಅದು ಒಂದೇ ಹಳಿಯ ಮೇಲೆ ಎದುರುಬದುರಾದ ಎರಡು ರೈಲುಗಳಂತೆ: ಒಂದು ತಡವಾದರೂ ಡಿಕ್ಕಿ ತಪ್ಪುವುದಿಲ್ಲ, ಜಾಗ ಮಾತ್ರ ಬದಲಾಗುತ್ತದೆ. ದಾರಿಗಳು ಒಂದನ್ನೊಂದು ಅಡ್ಡ ಹಾಯ್ದರೆ ಅದು ರೈಲ್ವೆ ಗೇಟು. ಇಬ್ಬರೂ ಅದೇ ಕ್ಷಣಕ್ಕೆ ಅಲ್ಲಿಗೆ ಬಂದರೆ ಮಾತ್ರ ಡಿಕ್ಕಿ. ಪಿಚರ್‌ಗೆ ಬೇಕಾದದ್ದು ರೈಲ್ವೆ ಗೇಟು. ಇಳಿಯುವ ಕೋನ ಕಡಿದಾದಷ್ಟೂ ಬ್ಯಾಟರ್ ಸಮಯವನ್ನು ಹೆಚ್ಚು ನಿಖರವಾಗಿ ಹಿಡಿಯಬೇಕಾಗುತ್ತದೆ.

ಸರಿ, 5 ಇಂಚು ಈ ಕೋನವನ್ನು ಎಷ್ಟು ಬದಲಿಸುತ್ತದೆ? ತೇರಿನ ಕಳಸಕ್ಕೆ ಬಾಳೆಹಣ್ಣು ಎಸೆಯುವವರನ್ನು ನೆನೆಯಿರಿ. ತೇರಿನ ಬುಡದಲ್ಲಿದ್ದವನು ಒಂದು ಇಟ್ಟಿಗೆ ಹತ್ತಿದರೂ ಕೋನ ಬದಲಾದದ್ದು ಅವನಿಗೆ ಗೊತ್ತಾಗುತ್ತದೆ, ಬೀದಿಯ ಆ ತುದಿಯಲ್ಲಿದ್ದವನಿಗೆ ಗೊತ್ತಾಗದು. ಪಿಚರ್ ಇರುವುದು ಬೀದಿಯ ತುದಿಯಲ್ಲಿ. ಕೈ ಮುಂದೆ ಚಾಚಿ ಚೆಂಡು ಬಿಡುವುದರಿಂದ ಅದು ಸಾಗುವ ದೂರ ಸುಮಾರು 16.7 ಮೀಟರ್. 12.7 ಸೆಂ.ಮೀ.ಯನ್ನು ಅದರಿಂದ ಭಾಗಿಸಿದರೆ 0.0076, ಅಂದರೆ ಅರ್ಧ ಡಿಗ್ರಿಗೂ ಕಡಿಮೆ. ವೇಗದ ಚೆಂಡು ಪ್ಲೇಟ್ ಹತ್ತಿರ ಇಳಿಯುವುದೇ ಐದಾರು ಡಿಗ್ರಿಯಲ್ಲಿ. ಇನ್ನೊಂದು ಲೆಕ್ಕ: ಬ್ಯಾಟರ್ ಸಮಯವನ್ನು ಸೆಕೆಂಡಿನ ನೂರನೇ ಒಂದು ಭಾಗದಷ್ಟು ತಪ್ಪಿದ ಎನ್ನಿ. ಅಷ್ಟರಲ್ಲಿ ಚೆಂಡು ಸುಮಾರು 39 ಸೆಂ.ಮೀ. ಸಾಗಿರುತ್ತದೆ. ಆ ದೂರದಲ್ಲಿ ಹಳೆಯ ದಿಬ್ಬದ ಚೆಂಡಿಗೂ ಹೊಸ ದಿಬ್ಬದ ಚೆಂಡಿಗೂ ಎತ್ತರದಲ್ಲಿ ಬರುವ ವ್ಯತ್ಯಾಸ 3 ಮಿಲಿಮೀಟರ್. ಬ್ಯಾಟು, ಚೆಂಡು ಎರಡೂ ಏಳು ಸೆಂ.ಮೀ. ಆಸುಪಾಸಿನ ದಪ್ಪ. 3 ಮಿ.ಮೀ. ಏನೂ ಅಲ್ಲ ಎನ್ನಲಾರೆ, ಒಂದು ಒಳ್ಳೆಯ ಹೊಡೆತವನ್ನು ಕ್ಯಾಚ್ ಆಗಿಸಲು ಕೆಲವೊಮ್ಮೆ ಅಷ್ಟು ಸಾಕು. ಆದರೆ ಇಡೀ ಲೀಗ್‌ನ ರನ್ನನ್ನು ಐದನೇ ಒಂದು ಭಾಗ ಏರಿಸುವ ತೂಕ ಈ ಕಾಗೆಗಿಲ್ಲ.

ಹಾಗಾದರೆ 1969ರಲ್ಲಿ ಸರಾಸರಿ 4.07ಕ್ಕೆ ಏರಿದ್ದು ಹೇಗೆ? ಜ್ವರ ಬಂದವನಿಗೆ ಮಾತ್ರೆ, ಕಷಾಯ, ತಾಯಿತ ಮೂರನ್ನೂ ಒಂದೇ ದಿನ ಕೊಟ್ಟರೆ ಗುಣವಾದ ಮೇಲೆ ಮೆರವಣಿಗೆ ಹೊರಡುವುದು ತಾಯಿತಕ್ಕೆ, ಕಣ್ಣಿಗೆ ಕಾಣುವುದು ಅದೇ ಅಲ್ಲವೇ. 1969ರಲ್ಲೂ ದಿಬ್ಬದ ಜೊತೆಗೆ ಇನ್ನೆರಡು ಬದಲಾದವು. ತಂಡಗಳು 20ರಿಂದ 24ಕ್ಕೆ ಏರಿದವು: ಕನ್ಸಾಸ್ ಸಿಟಿ, ಸಿಯಾಟಲ್, ಮಾಂಟ್ರಿಯಲ್, ಸ್ಯಾನ್ ಡಿಯಾಗೋ. ಹಿಂದಿನ ವರ್ಷ ಕೆಳಗಿನ ಲೀಗ್‌ಗಳಲ್ಲಿ ಬೆವರು ಸುರಿಸುತ್ತಿದ್ದ ಹಲವು ಪಿಚರ್‌ಗಳು ರಾತ್ರೋರಾತ್ರಿ ಮೇಜರ್ ಲೀಗ್ ಪಿಚರ್‌ಗಳಾದರು. ಬ್ಯಾಟರ್‌ಗಳೂ ಹಾಗೆಯೇ ಬಂದರಲ್ಲ ಎಂದು ಕೇಳಬಹುದು, ನ್ಯಾಯವಾದ ಪ್ರಶ್ನೆ. ಆದ್ದರಿಂದ ಇದನ್ನೂ ನಾನು ಪೂರ್ತಿ ನೆಚ್ಚುವುದಿಲ್ಲ.

ನಿಜವಾದ ಮಾತ್ರೆ ಸ್ಟ್ರೈಕ್ ವಲಯ. ಬ್ಯಾಟರ್ ಹೊಡೆಯದೆ ಬಿಟ್ಟ ಚೆಂಡು ಒಂದು ಅದೃಶ್ಯ ಚೌಕಟ್ಟಿನೊಳಗೆ ಹಾದರೆ ಸ್ಟ್ರೈಕ್, ಹೊರಗೆ ಹೋದರೆ ಬಾಲ್. ಮೂರು ಸ್ಟ್ರೈಕ್‌ಗೆ ಔಟ್, ನಾಲ್ಕು ಬಾಲ್‌ಗೆ ಮೊದಲ ಬೇಸ್‌ಗೆ ಪುಕ್ಕಟೆ ನಡಿಗೆ. 1963ರಲ್ಲಿ ಈ ಚೌಕಟ್ಟನ್ನು ಭುಜದ ಮೇಲ್ತುದಿಯಿಂದ ಮೊಣಕಾಲಿನ ಕೆಳತುದಿಯವರೆಗೆ ಹಿಗ್ಗಿಸಿದ್ದರು. 1969ರಲ್ಲಿ ಕಂಕುಳಿನಿಂದ ಮೊಣಕಾಲಿನ ಮೇಲ್ತುದಿಗೆ ಕುಗ್ಗಿಸಿದರು. ಮೇಲೊಂದು ಗೇಣಿನ ಹತ್ತಿರ, ಕೆಳಗೊಂದು ಮೊಣಕಾಲು ಹೋಯಿತು. 1962ರಲ್ಲಿ ಪಂದ್ಯಕ್ಕೆ 4.46 ಇದ್ದ ರನ್ 1963ರಲ್ಲಿ 3.95ಕ್ಕೆ ಕುಸಿದಿತ್ತು, ಆಗ ದಿಬ್ಬದ ನಿಯಮವನ್ನು ಯಾರೂ ಮುಟ್ಟಿರಲಿಲ್ಲ.

ಇನ್ನೂ ಗಟ್ಟಿ ಸಾಕ್ಷಿ ಬೇಕೆ? 1968ರಲ್ಲಿ ಒಂದು ತಂಡಕ್ಕೆ ಪಂದ್ಯಕ್ಕೆ 2.82 ಪುಕ್ಕಟೆ ನಡಿಗೆ ಸಿಗುತ್ತಿತ್ತು, 1969ರಲ್ಲಿ 3.45. ಸ್ಟ್ರೈಕ್‌ಔಟ್ (ಬೀಸಿ ತಪ್ಪಿದ್ದೂ ಸೇರಿ ಮೂರು ಸ್ಟ್ರೈಕ್‌ಗೆ ಔಟಾಗುವುದು) ಮಾತ್ರ 5.89ರಿಂದ 5.77ಕ್ಕೆ, ಬದಲಾಗಲೇ ಇಲ್ಲ ಎನ್ನಬಹುದು. ಚೆಂಡಿನ ಕೋನ ತಗ್ಗಿ ಹೊಡೆತ ಸುಲಭವಾಗಿದ್ದರೆ ಬ್ಯಾಟು ಬೀಸಿ ತಪ್ಪುವುದು ಕಡಿಮೆಯಾಗಬೇಕಿತ್ತು. ಹೆಚ್ಚಾದದ್ದು ಹೊಡೆಯದೆಯೇ ಸಿಗುವ ಲಾಭ. ಅದನ್ನು ಕೊಡುವುದು ಮಣ್ಣಲ್ಲ, ಅಂಪೈರ್‌ನ ಕಣ್ಣಳತೆ.

ಇದರ ಜೊತೆ ಸೇರಿಕೊಳ್ಳುವ ಇನ್ನೊಂದು ಕಳ್ಳನನ್ನು ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 1886ರಲ್ಲೇ ಹಿಡಿದಿದ್ದರು. ತೀರಾ ಎತ್ತರದ ತಂದೆತಾಯಿಯರ ಮಕ್ಕಳು ಎತ್ತರವೇ, ಆದರೆ ಸರಾಸರಿಯಲ್ಲಿ ಹೆತ್ತವರಷ್ಟಲ್ಲ. ತೀರಾ ಕುಳ್ಳರ ಮಕ್ಕಳು ಅವರಷ್ಟು ಕುಳ್ಳರಲ್ಲ. ಅತಿರೇಕದ ಒಂದು ಅಳತೆಯ ನಂತರದ್ದು ನಡುವಿನತ್ತ ಜಾರುತ್ತದೆ. ಹರಕೆ ಹೊರುವುದು ಕಾಯಿಲೆ ವಿಪರೀತವಾದ ದಿನ. ಮರುದಿನ ತುಸು ಇಳಿಯುವುದು ಹರಕೆ ಇಲ್ಲದಿದ್ದರೂ ನಡೆಯುವಂಥದ್ದೇ. 1964ರಲ್ಲಿ 4.04, 1965 ಮತ್ತು 1966ರಲ್ಲಿ 3.99, 1967ರಲ್ಲಿ 3.77 ರನ್ ಇತ್ತು. ಈ ಸಾಲಿನಲ್ಲಿ ಹೊರಗೆ ನಿಂತದ್ದು 1968. ಗಿಬ್ಸನ್‌ರ 1.12 ಕೂಡ ಹಾಗೆಯೇ. ಮರುವರ್ಷ ಅವರದು 2.18, ಅದೂ ತಗ್ಗಿದ ದಿಬ್ಬದಿಂದ. ಬಹುಪಾಲು ಪಿಚರ್‌ಗಳು ಜೀವಮಾನದಲ್ಲೊಮ್ಮೆ ಕಂಡರೆ ಸಾಕೆನ್ನುವ ಅಂಕಿ.

ದಿಬ್ಬ ಇಳಿದೇ ಇತ್ತು, ರನ್ ಮಾತ್ರ ಏರಿ ನಿಲ್ಲಲಿಲ್ಲ. 1970ರಲ್ಲಿ 4.34, 1971ರಲ್ಲಿ 3.89, 1972ರಲ್ಲಿ 3.69. ಆ ವರ್ಷ ಅಮೆರಿಕನ್ ಲೀಗ್ ಒಂದನ್ನೇ ತೆಗೆದುಕೊಂಡರೆ 3.47, ಸುತ್ತು ಹಾಕಿ 1968ರ ಬಾಗಿಲಿಗೇ ಬಂದಂತೆ. ಮಣ್ಣು ಅದೇ 10 ಇಂಚು.

ಆಮೇಲೆ ನಡೆದದ್ದು, ಯಾರೂ ಬಯಸದೆಯೇ, ಸರಿಯಾದ ಪ್ರಯೋಗ. 1973ರಲ್ಲಿ ಅಮೆರಿಕನ್ ಲೀಗ್ ಮಾತ್ರ ಪಿಚರ್‌ನ ಬದಲು ಬ್ಯಾಟ್ ಮಾಡಲೆಂದೇ ಒಬ್ಬನನ್ನು ಇಳಿಸುವ ನಿಯಮ ತಂದಿತು, ನ್ಯಾಷನಲ್ ಲೀಗ್ ಒಪ್ಪಲಿಲ್ಲ. ದಿಬ್ಬ, ಚೆಂಡು, ಸ್ಟ್ರೈಕ್ ವಲಯ ಎರಡೂ ಕಡೆ ಒಂದೇ. ನ್ಯಾಷನಲ್ ಲೀಗ್ 3.91ರಿಂದ 4.15ಕ್ಕೆ ಏರಿತು, ಏನೂ ಮಾಡದೆ 0.24 ಏರಿಕೆ. ಅಮೆರಿಕನ್ ಲೀಗ್ 3.47ರಿಂದ 4.28ಕ್ಕೆ, 0.81. ಕಳೆದರೆ ಹೊಸ ನಿಯಮದ ಪಾಲಿಗೆ ಉಳಿಯುವುದು ಪಂದ್ಯಕ್ಕೆ 0.57 ರನ್. 1969ರಲ್ಲೂ ಒಂದು ಲೀಗ್ ಮಾತ್ರ ದಿಬ್ಬ ಇಳಿಸಿದ್ದರೆ ಇಷ್ಟೆಲ್ಲ ಬರೆಯಬೇಕಿರಲಿಲ್ಲ.

ಆ ಹೊಸ ನಿಯಮದಡಿ ಮೊದಲು ಬ್ಯಾಟ್ ಹಿಡಿದವರು ನ್ಯೂಯಾರ್ಕ್ ಯಾಂಕೀಸ್‌ನ ರಾನ್ ಬ್ಲೂಮ್‌ಬರ್ಗ್, 1973ರ ಏಪ್ರಿಲ್ 6ರಂದು ಬಾಸ್ಟನ್ನಿನಲ್ಲಿ. ಮೂರೂ ಬೇಸ್ ತುಂಬಿದ್ದವು. ಅವರು ಹೊಡೆಯಲಿಲ್ಲ, ನಾಲ್ಕು ಬಾಲ್ ಸಿಕ್ಕಿ ನಡೆದರು, ಒಂದು ರನ್ ಬಂತು. ಎದುರಿಗೆ ದಿಬ್ಬದ ಮೇಲಿದ್ದವರು ಲೂಯಿಸ್ ಟಿಯಾಂಟ್, 1968ರಲ್ಲಿ 9 ಇನ್ನಿಂಗ್ಸ್‌ಗೆ 1.60 ರನ್ ಸರಾಸರಿಯೊಂದಿಗೆ ಅಮೆರಿಕನ್ ಲೀಗ್‌ನ ಎಲ್ಲ ಪಿಚರ್‌ಗಳಿಗಿಂತ ಮುಂದಿದ್ದವರು.